ಐದಡಿ ಎರಡಂಗುಲದ ಬೌಲರ್

ಪ್ರಶ್ನೆ: ಇಂಗ್ಲೆಂಡಿನ ಕೆಂಟ್ ಕೌಂಟಿಯ ಟಿಚ್ ಫ್ರೀಮನ್ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 3,776 ವಿಕೆಟ್ ಪಡೆದಿದ್ದಾರೆಂದು ಹಳೆಯ ದಾಖಲೆಯೊಂದರಲ್ಲಿ ಓದಿದೆ. ಆಡಿದ ಟೆಸ್ಟ್ ಮಾತ್ರ 12. ಇವೆಲ್ಲ ಬಾಲಂಗೋಚಿಗಳನ್ನು, ಅಂದರೆ ಕೊನೆಗೆ ಬರುವ ದುರ್ಬಲ ಬ್ಯಾಟ್ಸ್‌ಮನ್ನರನ್ನು, ಉರುಳಿಸಿ ಗುಡ್ಡೆ ಹಾಕಿದ ವಿಕೆಟ್‌ಗಳೇ?

ಉತ್ತರ: ಫ್ರೀಮನ್ ಆಡುತ್ತಿದ್ದಾಗಲೇ ಹೀಗೆ ಮೂಗು ಮುರಿದವರಿದ್ದರು. ಮುನ್ನುಗ್ಗಿ ಆಡಬಲ್ಲ ಬ್ಯಾಟ್ಸ್‌ಮನ್ನರ ಎದುರು ಅವರ ಬೇಳೆ ಬೇಯದು ಎಂಬುದು ಅಂಥವರ ವಾದ. ಸ್ವಲ್ಪ ಹುರುಳೂ ಇದೆಯೆನ್ನಿ. 1924-25ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಎರಡು ಟೆಸ್ಟ್ ಆಡಿ ಎಂಟೇ ವಿಕೆಟ್ ಪಡೆದರು, ಅದೂ ಧಾರಾಳವಾಗಿ ರನ್ ಕೊಟ್ಟು.

ಹುಡುಗನಾಗಿದ್ದಾಗ ಫ್ರೀಮನ್ ಅವರಂತೆ ನಾನೂ ಲೆಗ್ ಬ್ರೇಕ್ (ಮಣಿಕಟ್ಟು ತಿರುಚಿ ಹಾಕುವ ಸ್ಪಿನ್) ಹಾಕುತ್ತಿದ್ದೆ. ಆರರಲ್ಲಿ ಎರಡು ಎಸೆತ ಸರಿಯಾದ ಜಾಗಕ್ಕೆ ಬಿದ್ದರೆ ನಾಯಕ ಬೆನ್ನು ತಟ್ಟುತ್ತಿದ್ದ. ಹಾಗಾಗಿ ನನ್ನನ್ನು ದಂಗುಬಡಿಸುವುದು ಫ್ರೀಮನ್ ಅವರ ವಿಕೆಟ್‌ಗಳಲ್ಲ, ಓವರ್‌ಗಳು. 1928ರ ಒಂದೇ ಋತುವಿನಲ್ಲಿ 1,976 ಓವರ್! ಬೆರಳು, ಮಣಿಕಟ್ಟು, ಭುಜ ಎಲ್ಲವನ್ನೂ ತಿರುಚಿ ಹಾಕುವ ಎಸೆತಗಳು ಅವು. ಸಿಕ್ಕ ವಿಕೆಟ್ 304. ಒಂದೇ ಋತುವಿನಲ್ಲಿ ಮುನ್ನೂರು ದಾಟಿದವರು ಅವರ ಮೊದಲೂ ಇಲ್ಲ, ಆಮೇಲೂ ಇಲ್ಲ. ಆಗ ವಯಸ್ಸು ನಲವತ್ತು. 1914ರಲ್ಲಿ ಕೆಂಟ್ ತಂಡಕ್ಕೆ ಬಂದದ್ದೇ ತಡ, ಮಹಾಯುದ್ಧ ನಾಲ್ಕು ವರ್ಷ ನುಂಗಿತ್ತು. ಆ 1928ರಿಂದ 1935ರವರೆಗೆ ಎಂಟು ಋತುಗಳಲ್ಲಿ ಒಮ್ಮೆಯೂ ಇನ್ನೂರಕ್ಕಿಂತ ಕೆಳಗಿಳಿಯಲಿಲ್ಲ. ಇನಿಂಗ್ಸ್ ಒಂದರ ಹತ್ತೂ ವಿಕೆಟ್‌ಗಳನ್ನು 1929, 1930, 1931ರಲ್ಲಿ ವರ್ಷಕ್ಕೊಮ್ಮೆ ಎಂಬಂತೆ ಕಿತ್ತರು. ಹತ್ತಕ್ಕೆ ಹತ್ತು ಪಡೆಯಬೇಕಾದರೆ ಬಾಲಂಗೋಚಿಗಳಷ್ಟೇ ಸಾಲುವುದಿಲ್ಲ, ಆರಂಭಿಕರೂ ಬೇಕು.

ಬೆನ್ನಿಗೆ ವಿಕೆಟ್ ಕೀಪರ್ ಲೆಸ್ ಏಮ್ಸ್ ಇದ್ದರು ಎಂಬುದನ್ನು ಮರೆಯಬಾರದು. ಗೂಗ್ಲಿಗೋ (ಎದುರು ದಿಕ್ಕಿಗೆ ತಿರುಗುವ ಎಸೆತ) ಟಾಪ್ ಸ್ಪಿನ್ನರ್‌ಗೋ (ತಿರುಗದೆ ನೇರ ನುಗ್ಗುವ ಎಸೆತ) ಮೋಸಹೋಗಿ ಕ್ರೀಸ್ ಬಿಟ್ಟವರನ್ನು ಅವರು ಹಿಂದಿರುಗಲು ಬಿಡುತ್ತಿರಲಿಲ್ಲ. 1932ರಲ್ಲಿ ಏಮ್ಸ್ ಮಾಡಿದ ಸ್ಟಂಪಿಂಗ್ 64.

ಇನ್ನು ಟೆಸ್ಟ್. 1929ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ದಕ್ಷಿಣ ಆಫ್ರಿಕಾದ 12 ವಿಕೆಟ್ ಕಿತ್ತರು. ಮುಂದಿನದು ಓವಲ್. ಅಲ್ಲಿ 169 ರನ್ ಕೊಟ್ಟರೂ ಒಂದೂ ಬೀಳಲಿಲ್ಲ. ಇಂಗ್ಲೆಂಡ್ ಮತ್ತೆ ಕರೆಯಲಿಲ್ಲ. ಮರುವರ್ಷ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಬ್ರಾಡ್ಮನ್ ಬಂದಾಗ ಕೌಂಟಿ ಮೈದಾನಗಳಲ್ಲಿ ಫ್ರೀಮನ್ 275 ವಿಕೆಟ್ ಪಡೆಯುತ್ತಿದ್ದರು. ಆಯ್ಕೆದಾರರು ಲೆಗ್ ಸ್ಪಿನ್ನಿಗೆ ರಾಬಿನ್ಸ್ ಮತ್ತು ಪೀಬಲ್ಸ್ ಅವರನ್ನು ಆರಿಸಿಕೊಂಡರು. ಬ್ರಾಡ್ಮನ್ ಕೈಯಲ್ಲಿ ಫ್ರೀಮನ್ ಪೆಟ್ಟು ತಿನ್ನುತ್ತಿದ್ದರೇನೋ. ಆದರೆ ಬ್ರಾಡ್ಮನ್ 974 ರನ್ ಬಾರಿಸಿದ ಆ ಸರಣಿಯಲ್ಲಿ ಪೆಟ್ಟು ತಿನ್ನದ ಬೌಲರ್ ಯಾರಿದ್ದರು? 12 ಟೆಸ್ಟ್‌ಗೆ 66 ವಿಕೆಟ್ ಕಡಿಮೆಯೆನ್ನುವವರ ಜೊತೆ ನನಗೆ ಜಗಳವಿದೆ.

ಪ್ರಶ್ನೆ: ಟಿಚ್ ಎಂಬುದು ನಿಜವಾದ ಹೆಸರೇ?

ಉತ್ತರ: ಅಲ್ಲ, ಆಲ್ಫ್ರೆಡ್ ಪರ್ಸಿ. ಎತ್ತರ ಐದಡಿ ಎರಡಂಗುಲವಾದ್ದರಿಂದ ಟಿಚ್, ಅಂದರೆ ಕುಳ್ಳ. ನಿವೃತ್ತಿಯ ಮನೆಗೆ ಅವರೇ ‘ಡನ್‌ಬೌಲಿನ್’ ಎಂದು ಹೆಸರಿಟ್ಟರು: ಬೌಲಿಂಗ್ ಮುಗಿಯಿತು ಎಂದು. ಬಾಕಿ ಉಳಿಸಿದ್ದರೆ ತಾನೆ!

ಪ್ರಶ್ನೆ: 304ರ ದಾಖಲೆ ಯಾರಾದರೂ ಮುರಿಯಬಹುದೇ?

ಉತ್ತರ: ಇಲ್ಲ. ಆಗ ಕೌಂಟಿ ಚಾಂಪಿಯನ್‌ಷಿಪ್‌ನಲ್ಲಿ ಒಂದು ತಂಡಕ್ಕೆ ಸುಮಾರು ಮೂವತ್ತು ಪಂದ್ಯ, ಈಗ 14. ಮಳೆ ಬಂದರೆ ಪಿಚ್‌ಗೆ ಇಂದಿನಂತೆ ಹೊದಿಕೆಯೂ ಇರಲಿಲ್ಲ. ಒದ್ದೆಯಾಗಿ ಒಣಗುವ ಪಿಚ್ ಸ್ಪಿನ್ನರ್‌ಗೆ ಹಬ್ಬ. ನಮ್ಮ ಅನಿಲ್ ಕುಂಬ್ಳೆ 1995ರಲ್ಲಿ ನಾರ್ಥಾಂಪ್ಟನ್‌ಷೈರ್ ಪರ 105 ವಿಕೆಟ್ ಪಡೆದಾಗ ಅಲ್ಲಿನವರು ಹುಬ್ಬೇರಿಸಿದ್ದರು. ಫ್ರೀಮನ್ 48ನೆಯ ವಯಸ್ಸಿನಲ್ಲಿ, 1936ರಲ್ಲಿ, ನೂರು ದಾಟಿದ್ದರು. ಆ ಋತು ಮುಗಿದ ಮೇಲೆ ಕೆಂಟ್ ಅವರನ್ನು ಕೈಬಿಟ್ಟಿತು.