ಹಳೇ ಹೆರಾಲ್ಡ್ ಕಾರಿನ ಟ್ಯಾಂಕ್ ಸೋರುತ್ತಿದೆ, ವೆಲ್ಡಿಂಗ್ ಮಾಡಿಸಬಹುದಾ?

ಪ್ರಶ್ನೆ: ನಮ್ಮ ದೊಡ್ಡಪ್ಪನವರ 1967ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು 12 ವರ್ಷ ಶೆಡ್‌ನಲ್ಲೇ ನಿಂತಿತ್ತು. ಈಗ ಹೊರಗೆ ತೆಗೆದಿದ್ದೇನೆ. ನಾಲ್ಕೈದು ಕಿಲೋಮೀಟರ್ ಹೋಗಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ, ಟ್ಯಾಂಕಿನ ತಳದ ಅಂಚಿನಲ್ಲಿ ಪಸೆ. ವೆಲ್ಡರ್ ಒಬ್ಬರು ಅರ್ಧ ಗಂಟೆ ಕೆಲಸ ಅಂತಾರೆ. ಗೆಳೆಯ ಒಳಗೆ ಸೀಲರ್ (ತೂತು ಮುಚ್ಚುವ ದ್ರವ) ಸುರಿದರೆ ಸಾಕು ಅಂತಾನೆ. ಯಾರ ಮಾತು ಕೇಳಲಿ ಸರ್?
– ಓದುಗರೊಬ್ಬರು, ನಿಜಲಿಂಗಪ್ಪ ಬಡಾವಣೆ, ದಾವಣಗೆರೆ

ಉತ್ತರ: ಟ್ಯಾಂಕನ್ನು ವೆಲ್ಡರ್ ಕೈಗೆ ಇನ್ನೂ ಕೊಟ್ಟಿಲ್ಲ ತಾನೇ? ದಯವಿಟ್ಟು ಕೊಡಬೇಡಿ.

ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಸಿಡಿಯುವುದು ಜಾಸ್ತಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಿಂದ 7.6ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು. ಈ ಆವಿ ಗಾಳಿಗಿಂತ ಭಾರ. ಮುಚ್ಚಳ ತೆಗೆದಿಟ್ಟರೂ ತಳದಲ್ಲೇ ಕೂತಿರುತ್ತದೆ. ತುಕ್ಕಿನ ಪದರದೊಳಗೆ ಇಂಗಿದ ಪೆಟ್ರೋಲ್ ಬಿಸಿ ತಾಗಿದ ಕೂಡಲೇ ಮತ್ತೆ ಆವಿಯಾಗುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಗ್ಯಾರೇಜಿನಲ್ಲಿ ಒಂದು ಟ್ಯಾಂಕನ್ನು ಎರಡು ದಿನ ಬಿಸಿಲಿಗಿಟ್ಟು ಗ್ಯಾಸ್ ವೆಲ್ಡಿಂಗ್‌ಗೆ ತೆಗೆದುಕೊಂಡರು. ಒಂದೇ ಸದ್ದು. ಚಪ್ಪಟೆ ಟ್ಯಾಂಕ್ ಕುಂಬಳಕಾಯಿ ಹಾಗೆ ಉಬ್ಬಿ ಅಂಚು ಬಿರಿದಿತ್ತು. ಪಕ್ಕದಲ್ಲಿ ಹಿಡಿದು ನಿಂತಿದ್ದ ಹುಡುಗನ ಮುಂಗೈ ಸುಟ್ಟುಹೋಯಿತು. ಅವನ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಕಾರು ನಿಲ್ಲುವ ವಿಷಯ. ಮುಂದಿನ ಸಲ ನಿಂತಾಗ ಟ್ಯಾಂಕಿನ ಮುಚ್ಚಳ ನಿಧಾನಕ್ಕೆ ತಿರುಗಿಸಿ. 'ಸುಸ್' ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಅಷ್ಟೇ. ಗಾಳಿ ಎಳೆಯದಿದ್ದರೆ ತುಕ್ಕಿನ ಪುಡಿಯ ಮೇಲೇ ಮೊದಲ ಅನುಮಾನ. ಓಡುವಾಗ ಪುಡಿ ಪೈಪಿನ ಬಾಯಿಗೆ ಬಂದು ಕೂರುತ್ತದೆ, ಎಂಜಿನ್ ನಿಂತ ಮೇಲೆ ಕೆಳಗೆ ಉದುರುತ್ತದೆ. ಹತ್ತು ನಿಮಿಷದ ಲೆಕ್ಕ ಅದೇ ಇರಬಹುದು.

ಹೆರಾಲ್ಡ್‌ನಲ್ಲಿ ಟ್ಯಾಂಕ್ ಡಿಕ್ಕಿಯೊಳಗೇ ಇದೆ. ಬಿಚ್ಚುವುದು ಸುಲಭ, ಆದರೆ ಸೋರಿದರೆ ಆವಿ ನೇರ ಸೀಟಿನ ಕಡೆ ಬರುತ್ತದೆ. ಇದೇ ಚಾಸಿಯನ್ನು ಗಿಡ್ಡ ಮಾಡಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಮಾಡಿದರು. ಅದರ ಟ್ಯಾಂಕೂ ಡಿಕ್ಕಿಯಲ್ಲೇ, ಅದಕ್ಕೂ ಇದೇ ಕಾಯಿಲೆ. ಬ್ಯಾಟರಿ ವೈರ್ ತೆಗೆದು, ಬಯಲಿನಲ್ಲಿ ಪೆಟ್ರೋಲ್ ಇಳಿಸಿ, ಆಮೇಲೆ ಟ್ಯಾಂಕ್ ಬಿಚ್ಚಿ. ಸೋಪಿನ ಬಿಸಿನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ.

ಈಗ ಸಣ್ಣ ಸ್ಕ್ರೂಡ್ರೈವರ್ ತಗೊಂಡು ತಳವನ್ನೆಲ್ಲ ಒತ್ತಿ ನೋಡಿ. ಗಟ್ಟಿ ತಗಡು 'ಟಣ್' ಅನ್ನುತ್ತದೆ. ಸವೆದ ತಗಡು ಹಪ್ಪಳದ ಹಾಗೆ ಒಳಗೆ ಹೋಗುತ್ತದೆ. ಅಂಗೈ ಅಗಲ ಹೀಗೆ ಹೋದರೆ ತೇಪೆ ಬೇಡ, ಅದೇ ಅಳತೆಯಲ್ಲಿ ಹೊಸ ತಳ ಮಾಡಿಸಿ. ಸೂಜಿ ತೂತು, ಅಂಚಿನ ಪಸೆ ಮಾತ್ರ ಇದ್ದರೆ ಟ್ಯಾಂಕ್ ಉಳಿಯುತ್ತದೆ.

ತುಕ್ಕು ತೆಗೆಯಲು ಕಕ್ಕಸು ತೊಳೆಯುವ ಆಸಿಡ್ ಹಾಕಬೇಡಿ, ಅದು ಒಳ್ಳೆಯ ತಗಡನ್ನೂ ತಿನ್ನುತ್ತದೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಸಾಕು. ಲೀಟರ್ ನೀರಿಗೆ 50ರಿಂದ 100 ಗ್ರಾಂ ಹಾಕಿ, ಟ್ಯಾಂಕ್ ತುಂಬಾ ತುಂಬಿಸಿ ಒಂದು ರಾತ್ರಿ ಬಿಡಿ. ಪದರ ಗಟ್ಟಿಯಾಗಿದ್ದರೆ ಮೊದಲು ಸ್ವಲ್ಪ ನೀರಿನ ಜೊತೆ ಒಂದು ಹಿಡಿ ನಟ್ ಹಾಕಿ ಕುಲುಕಿ. ನಟ್ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಬಿಸಿಗಾಳಿ ಊದಿ ಒಣಗಿಸಿ. ಅರ್ಧ ಗಂಟೆ ತಡ ಮಾಡಿದರೂ ಕೆಂಪು ಮತ್ತೆ ಏರುತ್ತದೆ.

ತೂತಿಗೆ ನನ್ನ ಆಯ್ಕೆ ವೆಲ್ಡಿಂಗ್ ಅಲ್ಲ, ಸೀಸ-ತವರದ ಬೆಸುಗೆ (ಸೋಲ್ಡರಿಂಗ್). ವೆಲ್ಡಿಂಗ್‌ಗೆ ಉಕ್ಕೇ ಕರಗಬೇಕು, ಅಂದರೆ ಸುಮಾರು 1,500 ಡಿಗ್ರಿ. ಬೆಸುಗೆ 190 ಡಿಗ್ರಿ ಆಸುಪಾಸಿನಲ್ಲೇ ಹರಿಯುತ್ತದೆ. ತೆಳು ತಗಡು ಸುಡುವುದಿಲ್ಲ, ಸೊಟ್ಟ ಆಗುವುದಿಲ್ಲ. ಹಳೇ ರೇಡಿಯೇಟರ್ ರಿಪೇರಿ ಮಾಡುವವರಿಗೆ ಈ ಕೈಚಳಕ ಇದೆ. ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದ್ದೀರಲ್ಲ, ಅದೇ ನಿಯಮ: ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಬೇಕು, ಇಲ್ಲದಿದ್ದರೆ ತವರ ಹಿಡಿಯದೆ ಮಣಿಯಾಗಿ ಉರುಳುತ್ತದೆ. ಆಗಲೂ ಟ್ಯಾಂಕ್ ತಿರುಗಿಸಿಟ್ಟು, ಬೆಸುಗೆಯ ಜಾಗಕ್ಕೆ ಎರಡು ಬೆರಳು ಕೆಳಗಿನವರೆಗೆ ನೀರು ತುಂಬಿಸಿ, ಉಳಿದ ಜಾಗಕ್ಕೆ ಆರ್ಗಾನ್ ಎಂಬ ಬೆಂಕಿ ಹಿಡಿಯದ ಅನಿಲ ಬಿಡಿಸಿ. ಬೆಂಕಿ ಜ್ವಾಲೆ ಬೇಡ. ತಾಮ್ರದ ದಪ್ಪ ಸೋಲ್ಡರಿಂಗ್ ಐರನ್ ಅನ್ನು ದೂರದಲ್ಲಿ ಕಾಯಿಸಿ ತರಲಿ.

ಸೋರಿಕೆ ಪರೀಕ್ಷೆಗೆ ಕಂಪ್ರೆಸರ್ ಗಾಳಿ ಹೊಡೆಸಬೇಡಿ, ಟ್ಯಾಂಕ್ ಉಬ್ಬುತ್ತದೆ. ಹೊರಗೆ ಸುಣ್ಣ ಬಳಿದು ಒಣಗಿಸಿ, ಒಳಗೆ ಸ್ವಲ್ಪ ಡೀಸೆಲ್ ಹಾಕಿ ರಾತ್ರಿ ಬಿಡಿ. ಎಲ್ಲಿ ಪಸೆ ಇದೆಯೋ ಅಲ್ಲಿ ಬೆಳಿಗ್ಗೆ ಸುಣ್ಣ ಕಪ್ಪಾಗಿರುತ್ತದೆ.

ಸೀಲರ್ ಕೊನೆಯ ದಾರಿ. ತುಕ್ಕಿನ ಮೇಲೆ ಸುರಿದರೆ ಸಿಪ್ಪೆ ಎದ್ದು ಕಾರ್ಬುರೇಟರ್ ಸೇರುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಮಾಡಲು ಕಬ್ಬಿನ ಜೊತೆ ಮೆಕ್ಕೆಜೋಳವೂ ಹೋಗುತ್ತದೆ, ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಎಥೆನಾಲ್ ಹಳೇ ಸೀಲರ್‌ಗಳನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರುತ್ತದೆ, 1960ರ ದಶಕದ ರಬ್ಬರ್ ಪೈಪನ್ನು ಉಬ್ಬಿಸಿ ಬಿರಿಸುತ್ತದೆ. ಹಾಗಾಗಿ ಪೈಪುಗಳನ್ನೆಲ್ಲ ಬದಲಿಸಿ, ಮೇಲೆ 'ಜೆ30 ಆರ್9' ಎಂದು ಅಚ್ಚಾಗಿರುವುದನ್ನೇ ಕೇಳಿ ತನ್ನಿ. ಪಂಪಿಗೆ ಮುಂಚೆ ಒಳಗೆ ಕಾಣುವ ಫಿಲ್ಟರ್ ಒಂದು ಹಾಕಿ. ಮೊದಲ ತಿಂಗಳು ವಾರಕ್ಕೊಮ್ಮೆ ಅದನ್ನು ಬೆಳಕಿಗೆ ಹಿಡಿದು ನೋಡಿ. ಕಾರು ಜಾಸ್ತಿ ದಿನ ನಿಲ್ಲುವುದಾದರೆ ಪೆಟ್ರೋಲ್ ಪೂರ್ತಿ ಇಳಿಸಿಬಿಡಿ.

ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿದ ಮೇಲೆ ತಳದ ಫೋಟೋ ಕಳಿಸಿ. ಬೆಸುಗೆಯೋ, ಹೊಸ ತಳವೋ ಹೇಳುತ್ತೇನೆ. ಅಲ್ಲಿಯವರೆಗೆ ಕಾರನ್ನು ಮನೆಗೆ ಅಂಟಿದ ಶೆಡ್‌ನಲ್ಲಿ ನಿಲ್ಲಿಸಬೇಡಿ.