ಎಲ್ಲವನ್ನೂ ಬೇಸರ ಎನ್ನಬೇಡ, ತಂಗಿ

ತಂಗಿ, ನೀನು ಬರೆದದ್ದನ್ನು ನಿಧಾನವಾಗಿ ಓದಿದೆ. ಅಫಜಲಪುರದಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದು ಎರಡು ತಿಂಗಳಾಯಿತು, ಕೆಲಸ ಚೆನ್ನಾಗಿದೆ, ಜನರೂ ಒಳ್ಳೆಯವರು. ಆದರೂ ಸಂಜೆಯಾದರೆ ಏನೋ ಆಗುತ್ತದೆ, ಯಾರಾದರೂ ಕೇಳಿದರೆ ‘ಬೇಸರ’ ಎಂದು ಹೇಳಿ ಸುಮ್ಮನಾಗುತ್ತೇನೆ ಎಂದಿದ್ದೀಯ. ನಾನು ಅತಿ ಭಾವುಕಳೇ ಅಕ್ಕಾ, ಇದು ಹೋಗುತ್ತದೆಯೇ ಎಂದೂ ಕೇಳಿದ್ದೀಯ.

ಅತಿ ಭಾವುಕಳೇನೂ ಅಲ್ಲ. ಊರು ಬಿಟ್ಟವರಿಗೆ ಊರು ಕಾಡದಿದ್ದರೆ ಅದೇ ಚಿಂತೆಯ ಮಾತು. ನನಗೆ ಸರಿಬಾರದ್ದು ಆ ‘ಬೇಸರ’ ಎಂಬ ಶಬ್ದ. ಬಸ್ಸು ತಡವಾದರೂ ಬೇಸರ, ಸಾರಿಗೆ ಉಪ್ಪು ಹೆಚ್ಚಾದರೂ ಬೇಸರ. ನಿನ್ನೊಳಗೆ ನಡೆದಿರುವುದು ಒಂದೇ ಸಂಕಟವಲ್ಲ. ನಮ್ಮ ಭಾಷೆಯಲ್ಲಿ ಕಳವಳ ಬೇರೆ, ಹಂಬಲ ಬೇರೆ, ಹಳಹಳಿಕೆ ಬೇರೆ. ಇವತ್ತು ಬಂದಿರುವುದು ಯಾವುದು ಎಂದು ಗುರುತಿಸಬೇಕು, ಏಕೆಂದರೆ ಒಂದಕ್ಕೆ ನಡೆಯುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ.

ಸಂಜೆ ನಿನಗಾಗುವುದು ಹೆಚ್ಚಾಗಿ ಕಳವಳ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮಾರ್ಚ್ ಕೊನೆಯವರೆಗೆ ನಮ್ಮೂರು ನಾಲ್ಕೂವರೆ ಗಂಟೆ ಮುಂದಿರುತ್ತದೆ. ನೀನು ಆರು ಗಂಟೆಗೆ ಕೋಣೆಯ ಬಾಗಿಲು ತೆಗೆಯುವಾಗ ಹೊರಗೆ ಕತ್ತಲು, ಅಫಜಲಪುರದಲ್ಲಿ ರಾತ್ರಿ ಹತ್ತೂವರೆ. ಮನೆಯವರೆಲ್ಲ ಮಲಗಿರುತ್ತಾರೆ. ಫೋನ್ ಹಚ್ಚಿದರೆ ಅವರ ನಿದ್ದೆ ಕೆಡುತ್ತದೆ. ಹಚ್ಚದಿದ್ದರೆ ಅಪ್ಪ ಬಿಪಿ ಗುಳಿಗೆ ತೆಗೆದುಕೊಂಡರೋ ಇಲ್ಲವೋ ಎಂದು ನಿನ್ನ ಕರುಳು ಚುರ್ ಎನ್ನುತ್ತದೆ. ಇದಕ್ಕೆ ಧೈರ್ಯದ ಮಾತುಗಳು ಬೇಕಾಗಿಲ್ಲ, ಮಾತನಾಡುವ ಹೊತ್ತು ಬದಲಾಗಬೇಕು. ಮಧ್ಯಾಹ್ನ ಊಟದ ಬಿಡುವಿನಲ್ಲಿ, ಹನ್ನೆರಡೂವರೆಗೆ ಫೋನ್ ಹಚ್ಚು. ಅಲ್ಲಿ ಸಂಜೆ ಐದು. ಅವ್ವ ಚಹಾ ಕುಡಿದು ಕಟ್ಟೆಯ ಮೇಲೆ ಕುಳಿತಿರುತ್ತಾಳೆ. ‘ಆರಾಮ ಇದ್ದೀಯಾ’ ಎಂದು ಕೇಳಿದರೆ ‘ಆರಾಮ’ ಎಂದೇ ಉತ್ತರ ಬರುತ್ತದೆ. ತೊಗರಿ ಹೂ ಬಿಟ್ಟಿತೇ, ಪಕ್ಕದ ಮನೆಯ ಎಮ್ಮೆ ಈಯಿತೇ ಎಂದು ಕೇಳು. ಸಣ್ಣಪುಟ್ಟ ಸುದ್ದಿ ಸಿಕ್ಕಷ್ಟೂ ಕಳವಳ ಇಳಿಯುತ್ತದೆ.

ಹಂಬಲದ ಜಾತಿಯೇ ಬೇರೆ. ಅದು ಒಂದು ರುಚಿಯನ್ನೋ ಒಂದು ದಿನವನ್ನೋ ಹಿಡಿದುಕೊಂಡು ಬರುತ್ತದೆ. ನಮ್ಮ ಕಡೆಯವರಿಗೆ ಎಳ್ಳಮವಾಸ್ಯೆ ಹತ್ತಿರ ಬಂತೆಂದರೆ ಸಾಕು. ಅಂದು ಕಲಬುರಗಿ, ಬೀದರ, ಯಾದಗಿರಿ ಸೀಮೆಯ ಜನವೆಲ್ಲ ಹೊಲದಲ್ಲಿರುತ್ತಾರೆ. ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆಯೆಂದು ಅಡುಗೆಯನ್ನು ಹೊಲದಲ್ಲಿ ಎರಚಿ ಬಂದು, ಎರೆಯ ನೆಲದ ಮೇಲೆ ಕಂಬಳಿ ಹಾಸಿ ಕುಳಿತು, ಸಜ್ಜೆ ರೊಟ್ಟಿ ಮುರಿದು ಭಜ್ಜಿಗೆ ಅದ್ದುತ್ತಾರೆ. ಬೆಂಗಳೂರಿನವರು ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳುತ್ತಾರೆ. ನಮ್ಮ ಭಜ್ಜಿಯಲ್ಲಿ ಹಸಿ ತೊಗರಿ, ಅವರೆ, ಕಡಲೆ, ಸೊಪ್ಪುಗಳೆಲ್ಲ ಕೂಡಿ ಕುದಿಯುತ್ತವೆ.

ಹಂಬಲವನ್ನು ಸುಮ್ಮನಿರಿಸಲು ಹೋಗಬೇಡ, ಅದಕ್ಕೆ ಉಣ್ಣಲು ಕೊಡು. ಇಲ್ಲಿನ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ತೊಗರಿಬೇಳೆ, ಹುಣಸೆ, ಮೆಂತ್ಯ ಸಿಗುತ್ತವೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಲಬುರಗಿಯ ಬೇಳೆಯ ವಾಸನೆ ಅದಕ್ಕಿಲ್ಲ, ನಿಜ. ಆದರೂ ಪಾಲಕ್ ಸೊಪ್ಪು, ಹಸಿ ಬಟಾಣಿ ಹಾಕಿ ಭಜ್ಜಿ ಮಾಡುತ್ತೇನೆ, ಮನೆಯವರೆಲ್ಲ ಪಾತ್ರೆ ಬಳಿದು ತಿನ್ನುತ್ತಾರೆ. ರೊಟ್ಟಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಇಲ್ಲಿ ಸಿಗುವ ಜೋಳದ ಹಿಟ್ಟು ಬಹಳ ದಿನ ಪೊಟ್ಟಣದಲ್ಲಿ ಕುಳಿತಿರುತ್ತದೆ, ಜಿಗುಟು ಹೋಗಿರುತ್ತದೆ, ತಟ್ಟಿದರೆ ಅಂಚು ಬಿರಿಯುತ್ತದೆ. ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ನೀರು ಹೊಯ್ದು, ಸ್ವಲ್ಪ ಹೊತ್ತು ಮುಚ್ಚಿಟ್ಟು, ಕೈ ಸುಡುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದು. ಸಣ್ಣ ರೊಟ್ಟಿಯಾದರೂ ಇಡಿಯಾಗಿ ಬರುತ್ತದೆ.

ಹಳಹಳಿಕೆ ಮಾತ್ರ ಊಟಕ್ಕೂ ಫೋನಿಗೂ ಬಗ್ಗುವುದಿಲ್ಲ. ಅದು ಊರಿನದಲ್ಲ, ಕಳೆದ ಕಾಲದ್ದು. ನೀನು ಮೊದಲ ಸಲ ಊರಿಗೆ ಹೋದಾಗ ಇದು ಗೊತ್ತಾಗುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ಶಹಾಬಾದ್ ಕಲ್ಲಿನ ಹಾಸು ಇತ್ತು; ಬೇಸಿಗೆಯ ಮಧ್ಯಾಹ್ನ ನೀರು ಚಿಮುಕಿಸಿ ಅದರ ಮೇಲೆ ಮಲಗುತ್ತಿದ್ದೆವು. ಈಗ ಅಲ್ಲಿ ಹೊಳೆಯುವ ಟೈಲ್ಸ್ ಇದೆ, ಅಣ್ಣನ ಮಕ್ಕಳಿಗೆ ಅದೇ ಇಷ್ಟ. ಊರಲ್ಲೇ ಇರುವ ಅಣ್ಣನಿಗೂ ಆ ಕಲ್ಲಿನ ತಂಪು ನೆನಪಾಗುತ್ತದೆ. ಹೀಗಾಗಿ ಹಳಹಳಿಕೆ ಬಂದಾಗ ‘ನಾನು ದೇಶ ಬಿಟ್ಟದ್ದೇ ತಪ್ಪಾಯಿತು’ ಎಂದು ನಿನ್ನನ್ನು ನೀನು ಹಳಿದುಕೊಳ್ಳಬೇಡ.

ನೀನು ಬಂದಿರುವ ಊರಿಗೂ ಈ ನೋವಿಗೂ ಹಳೆಯ ನಂಟಿದೆ. ನಾಸ್ಟಾಲ್ಜಿಯಾ ಎಂಬ ಶಬ್ದ ಹುಟ್ಟಿದ್ದು ಇದೇ ಬಾಸೆಲ್ ವಿಶ್ವವಿದ್ಯಾಲಯದಲ್ಲಿ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಮರಳುವಿಕೆ ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಅದನ್ನು ಕಟ್ಟಿದ. ಆಗ ಅದು ಒಂದು ಕಾಯಿಲೆಯ ಹೆಸರು. ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದಿದ್ದ ಒಬ್ಬ ಹುಡುಗನ ಕಥೆ ಅವನ ಪ್ರಬಂಧದಲ್ಲಿದೆ. ಬರ್ನ್ ಎಷ್ಟು ದೂರ ಬಲ್ಲೆಯಾ? ಸುಮಾರು ನೂರು ಕಿಲೋಮೀಟರ್, ಕಲಬುರಗಿಯಿಂದ ಬೀದರಿಗೆ ಹೋದಷ್ಟು. ಅಷ್ಟಕ್ಕೇ ಆ ಹುಡುಗ ಜ್ವರ ಬಂದು ಹಾಸಿಗೆ ಹಿಡಿದಿದ್ದ, ಉಳಿಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ಊರಿಗೆ ಕಳುಹಿಸುವ ಸಿದ್ಧತೆ ಕಂಡದ್ದೇ ತಡ, ಉಸಿರಾಟ ಸರಾಗವಾಯಿತು. ಬರ್ನ್ ಮುಟ್ಟುವ ಮೊದಲೇ ಗುಣವಾದ. ನೀನು ಸಮುದ್ರ ದಾಟಿ ಬಂದವಳು, ನಿನ್ನ ಸಂಕಟಕ್ಕೆ ಯಾರ ಎದುರೂ ನಾಚಬೇಕಾಗಿಲ್ಲ.

ಜೊತೆಯವರು ಕೇಳಿದರೆ ‘ಹೈಮ್‌ವೇ’ ಎಂದುಬಿಡು. ಮನೆಯ ನೋವು ಎಂದು ಜರ್ಮನ್ ಬಲ್ಲವರಿಗೆಲ್ಲ ತಿಳಿಯುತ್ತದೆ, ಯಾರೂ ನಗುವುದಿಲ್ಲ. ಪೋರ್ಚುಗೀಸರು ಇದ್ದರೆ ತಮ್ಮ ‘ಸೌದಾದೆ’ಯ, ಅಂದರೆ ದೂರವಾದದ್ದಕ್ಕಾಗಿ ಹಂಬಲಿಸುವ ನೋವಿನ ಮಾತು ತೆಗೆಯುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬರ್ನ್ ಕಡೆಯವರ ‘ಲೆಂಗಿಟ್ಸೀಟಿ’. ಅದರೊಳಗೆ ಇರುವುದು ‘ಉದ್ದನೆಯ ಹೊತ್ತು’ ಎಂಬ ಅರ್ಥ. ಮಗಳು ಗಂಡನ ಮನೆಗೆ ಹೋದ ಮೇಲೆ ನಮ್ಮ ಅವ್ವಂದಿರು ‘ಹೊತ್ತೇ ಹೋಗುವುದಿಲ್ಲ’ ಎನ್ನುತ್ತಾರಲ್ಲ, ಅದೇ.

ಇನ್ನು, ಹೋಗುತ್ತದೆಯೇ ಎಂಬ ನಿನ್ನ ಪ್ರಶ್ನೆ. ಕಳವಳ ರೂಢಿಯಿಂದ ಕಡಿಮೆಯಾಗುತ್ತದೆ. ಹಂಬಲ ಹೋಗುವುದಿಲ್ಲ, ಹಬ್ಬ ಹರಿದಿನಕ್ಕೆ ಬಂದು ಹೋಗುವಷ್ಟಕ್ಕೆ ನಿಲ್ಲುತ್ತದೆ. ಮೊದಲ ಚಳಿಗಾಲವೇ ಕಷ್ಟ. ಅದಕ್ಕೆ ಆ ಬರ್ನ್ ಹುಡುಗನ ಮದ್ದನ್ನೇ ಹೇಳುತ್ತೇನೆ: ಟಿಕೆಟ್ ಈಗಲೇ ತೆಗೆದಿಡು, ಹೋಗುವುದು ಮಾರ್ಚಿಗಾದರೂ ಸರಿ. ತಾರೀಖು ಗೊತ್ತಿದ್ದರೆ ಸಂಜೆಗಳು ಸಹನೀಯವಾಗುತ್ತವೆ. ಹೋಳಿ ಹುಣ್ಣಿಮೆ ಮುಗಿದ ಮೇಲೆ ಬರುವ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಹೊಂದಿಸಿಕೋ. ಬಂಧುಗಳೆಲ್ಲ ಒಂದೇ ಕಡೆ ಸಿಗುತ್ತಾರೆ. ಬೆಂಗಳೂರಿಗೆ ಇಳಿಯಬೇಡ, ಹೈದರಾಬಾದಿಗೆ ಇಳಿ. ಅಲ್ಲಿಂದ ರೈಲು ಹತ್ತಿದರೆ ತಾಂಡೂರು, ಸೇಡಂ, ವಾಡಿ, ಶಹಾಬಾದ್ ದಾಟಿ ಕಲಬುರಗಿ. ಬರುವಾಗ ಅವ್ವನಿಗೆ ಹೇಳಿ ಹೊಸ ಜೋಳ ಬೀಸಿಸಿಕೊಂಡು ಬಾ, ನನಗೂ ಒಂದಿಷ್ಟು ಹಿಟ್ಟು ತಾ.