ನಿಯಮ ಬಂತು, ಟೆಂಡರ್ ಬದಲಾಗಲಿಲ್ಲ

ಪತ್ರ: ದೇಶ ಈಗಷ್ಟೇ ಮೇಲೇಳುತ್ತಿದೆ. ರಸ್ತೆ, ಮನೆ, ಕಾರ್ಖಾನೆ ಮೊದಲು ಆಗಲಿ. ಮಿತವಾಗಿ ಬಳಸಿ, ಮರುಬಳಸಿ ಅನ್ನುವುದೆಲ್ಲ ಹೊಟ್ಟೆ ತುಂಬಿದ ದೇಶಗಳ ಮಾತು. ಇದರಲ್ಲಿ ಸರ್ಕಾರ ಯಾಕೆ ಕೈಹಾಕಬೇಕು?
– ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ತಲಾ ಲೆಕ್ಕ ಹಾಕಿದರೆ ಶ್ರೀಮಂತ ದೇಶಗಳು ಬಳಸುವ ವಿದ್ಯುತ್ತಿನ ಹತ್ತಿರಕ್ಕೂ ನಾವು ಹೋಗಿಲ್ಲ. ಆದರೆ ‘ಮೊದಲು ಬೆಳೆಯೋಣ, ಉಳಿಸೋದು ಆಮೇಲೆ’ ಅನ್ನುವುದನ್ನು ನಾನು ಒಪ್ಪಲಾರೆ. ಇವತ್ತು ಎದ್ದ ಕಟ್ಟಡ ಹತ್ತಾರು ವರ್ಷ ನಿಲ್ಲುತ್ತದೆ. ಬಿಸಿಲು ನೇರ ನುಗ್ಗುವ ಹಾಗೆ ಕಟ್ಟಿದರೆ ಅಷ್ಟೂ ವರ್ಷ ಏಸಿಯ ಕರೆಂಟ್ ಬಿಲ್ ತೆರಬೇಕು. ಆಮೇಲೆ ಗೋಡೆ ತಿರುಗಿಸಲು ಆಗುತ್ತದಾ?

ಸರ್ಕಾರ ಯಾಕೆ ಅಂತೀರಿ. ಎಲ್‌ಇಡಿ ಬಲ್ಬನ್ನೇ ನೋಡಿ. 2014ರಲ್ಲಿ ಸರ್ಕಾರದ ಕಂಪನಿ ಸಗಟಾಗಿ ಕೊಂಡಾಗ ಬಲ್ಬಿಗೆ ಸುಮಾರು 310 ರೂಪಾಯಿ ಇತ್ತು. 2016ರ ಹೊತ್ತಿಗೆ ಅದು 38 ರೂಪಾಯಿಗೆ ಇಳಿಯಿತು. ಹೀಗೆ ಕೊಂಡ ಬಲ್ಬನ್ನು ಕಡಿಮೆ ಬೆಲೆಗೆ ಹಂಚುವ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಜಾಸ್ತಿ ಬಲ್ಬು ಜನರ ಕೈಸೇರಿದವು. ಸಬ್ಸಿಡಿ ಕೊಡಲಿಲ್ಲ. ಕೋಟಿಗಟ್ಟಲೆ ಕೊಳ್ಳುವ ಗಿರಾಕಿ ಕಂಡ ಕೂಡಲೇ ಕಂಪನಿಗಳು ಪೈಪೋಟಿಗೆ ಬಿದ್ದವು, ಅಷ್ಟೇ. ಅಷ್ಟು ದೊಡ್ಡ ಗಿರಾಕಿ ಸರ್ಕಾರ ಬಿಟ್ಟರೆ ಇನ್ಯಾರಿದ್ದಾರೆ?

ಜಲ್ಲಿಯ ವಿಷಯ ಬಂದರೆ ಮಾತ್ರ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಇದು ನಿಮ್ಮ ಓದಿನದ್ದೇ ವಿಷಯ, ಸ್ವಲ್ಪ ಕೇಳಿ. ಕಟ್ಟಡ ತ್ಯಾಜ್ಯದ ಬಗ್ಗೆ ಕೇಂದ್ರದ ನಿಯಮ ಬಂದದ್ದು 2016ರಲ್ಲಿ. ನಗರಸಭೆ ಮತ್ತು ಸರ್ಕಾರಿ ಕಾಮಗಾರಿಗಳಲ್ಲಿ ಶೇ 10ರಿಂದ 20ರಷ್ಟು ಕಟ್ಟಡ ತ್ಯಾಜ್ಯದಿಂದ ಮಾಡಿದ ಮರುಬಳಕೆ ಸಾಮಗ್ರಿ ಕಡ್ಡಾಯವಾಗಲಿ ಎಂದು ಅದರಲ್ಲೇ ಬರೆದಿತ್ತು. ಅದೇ ವರ್ಷ, ಕಾಂಕ್ರೀಟಿಗೆ ಹಾಕುವ ಜಲ್ಲಿ, ಮರಳು ಹೇಗಿರಬೇಕು ಎಂದು ಹೇಳುವ ಐಎಸ್ 383 ಎಂಬ ಭಾರತೀಯ ಮಾನದಂಡವೂ ಬದಲಾಯಿತು. ಹಳೇ ಕಾಂಕ್ರೀಟ್ ಒಡೆದು ಮಾಡಿದ ಜಲ್ಲಿಯನ್ನು ಕಬ್ಬಿಣ ಇಲ್ಲದ ಸಾದಾ ಕಾಂಕ್ರೀಟಿಗೆ ಶೇ 25ರವರೆಗೆ ಹಾಕಬಹುದು. ಬಲದಲ್ಲಿ ಎಂ-25 ದರ್ಜೆವರೆಗಿನ ಆರ್‌ಸಿಸಿಗೆ, ಅಂದರೆ ಕಬ್ಬಿಣ ಕಟ್ಟಿದ ಕಾಂಕ್ರೀಟಿಗೆ, ಶೇ 20ರವರೆಗೆ ಹಾಕಬಹುದು. ನಿಯಮ ಇದೆ, ಮಾನದಂಡ ಇದೆ. ಆದರೂ ಕೆಡವಿದ ಮನೆಯ ಅವಶೇಷ ರಾತ್ರೋರಾತ್ರಿ ಟ್ರ್ಯಾಕ್ಟರ್‌ನಲ್ಲಿ ಕೆರೆ ಅಂಗಳಕ್ಕೆ ಹೋಗಿ ಬೀಳುತ್ತದೆ. ಪಕ್ಕದ ಕಾಮಗಾರಿಗೆ ಗುಡ್ಡ ಸಿಡಿಸಿದ ಹೊಸ ಜಲ್ಲಿ ಬರುತ್ತದೆ.

ಯಾಕೆ ಹೀಗೆ ಎಂದು ನಿವೃತ್ತ ಎಂಜಿನಿಯರ್ ಒಬ್ಬರನ್ನು ಕೇಳಿದೆ. ‘ಸರ್ಕಾರದ ದರಪಟ್ಟಿಯಲ್ಲಿ ಇಲ್ಲದ್ದನ್ನು ಎಸ್ಟಿಮೇಟಿಗೆ ಹಾಕಿದರೆ ಆಡಿಟ್‌ನವರಿಗೆ ಉತ್ತರ ಕೊಡೋರು ಯಾರು?’ ಎಂದರು. ಅವರದು ತಪ್ಪಲ್ಲ. ಒಳ್ಳೆಯದು ಮಾಡಲು ಹೋದ ಅಧಿಕಾರಿಗೇ ನೋಟಿಸ್ ಬರುವ ವ್ಯವಸ್ಥೆ ನಮ್ಮದು.

2019ರಲ್ಲಿ ಸಂಪನ್ಮೂಲ ದಕ್ಷತೆಗೆಂದೇ, ಅಂದರೆ ಕಲ್ಲು, ಲೋಹದಂಥವನ್ನು ಮಿತವಾಗಿ ಬಳಸಿ ಮರುಬಳಸಲೆಂದೇ, ಕೇಂದ್ರ ಪರಿಸರ ಸಚಿವಾಲಯ ರಾಷ್ಟ್ರೀಯ ನೀತಿಯ ಕರಡು ತಂದಿತು. ಅದರ ಹೆಸರನ್ನಾದರೂ ಎಷ್ಟು ಜನ ಕೇಳಿದ್ದಾರೆ? ರಸ್ತೆಯ ಶಂಕುಸ್ಥಾಪನೆ ಫೋಟೋ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಆ ರಸ್ತೆಗೆ ಎಷ್ಟು ಲೋಡ್ ಕಲ್ಲು ಹೋಯಿತು ಎಂಬ ಲೆಕ್ಕಕ್ಕೆ ಒಳಪುಟದಲ್ಲೂ ಜಾಗ ಇಲ್ಲ.

ನಿಮ್ಮಂಥವರು ನಾಳೆ ಎಸ್ಟಿಮೇಟ್ ಬರೆಯುವವರು. ‘ಹೊಟ್ಟೆ ತುಂಬಿದವರ ಮಾತು’ ಎಂದು ಸುಮ್ನೆ ತಳ್ಳಿಬಿಡಬೇಡಿ. ನಿಮ್ಮ ಊರಿನ ಮುಂದಿನ ಕಾಮಗಾರಿಯ ಟೆಂಡರ್ ಪ್ರತಿ ತೆಗೆಸಿ ನೋಡಿ. ಮರುಬಳಕೆ ಜಲ್ಲಿಗೆ ಒಂದು ಸಾಲಾದರೂ ಇದೆಯಾ ಹುಡುಕಿ, ನಮಗೆ ಬರೆಯಿರಿ. ಇರದಿದ್ದರೂ ಬರೆಯಿರಿ, ಅಚ್ಚು ಹಾಕುತ್ತೇವೆ.